ಕಾರ್ಡಿಫ್‌ನ ನನ್ನ ಮುಯ್ಯಾಳುಗಳಿಗೆ

ಮೊನ್ನೆ ಮಾರ್ಚ್ 1ರ ಶನಿವಾರ ನಮ್ಮ ಅಲಾಟ್‌ಮೆಂಟಿನ ಪಾಲಿಟನಲ್‌ಗೆ, ಅಂದರೆ ಕಮಾನುಗಳ ಮೇಲೆ ಹಾಳೆ ಎಳೆದು ಒಳಗೆ ಗಿಡ ಬೆಳೆಸುವ ಗೂಡಿಗೆ, ಹೊಸ ಪ್ಲಾಸ್ಟಿಕ್ ಹೊದಿಸಿ ಮುಗಿಯಿತು. ಒಳ್ಳೆಯ ಬಿಸಿಲಿತ್ತು. ಹಾಳೆ ಬಿಸಿಲಿಗೆ ಹಿಗ್ಗಿದಾಗಲೇ ಎಳೆದು ಕಟ್ಟಬೇಕು, ಆಮೇಲೆ ತಣ್ಣಗಾದ ಹಾಗೆ ತಾನೇ ಬಿಗಿಯುತ್ತದೆ. ಹದಿನಾಲ್ಕು ಜನ ಎರಡೂ ಬದಿಗೆ ನಿಂತು ಎಳೆದರು. ನಾನು ಕೈಲಿ ಮರದ ಪಟ್ಟಿ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ. ಆವತ್ತು ಬಾಯಿಗೆ ಬಾರದ ಮಾತನ್ನು ಈಗ ಬರೆಯುತ್ತಿದ್ದೇನೆ.

ಊರಿನವರಿಗೆ ಅಲಾಟ್‌ಮೆಂಟ್ ಅಂದರೆ ಗೊತ್ತಾಗಲಿಕ್ಕಿಲ್ಲ. ಮನೆಯ ಹಿಂದೆ ಜಾಗವಿಲ್ಲದವರಿಗೆ ತರಕಾರಿ ಬೆಳೆದುಕೊಳ್ಳಲು ಇಲ್ಲಿ ಬ್ರಿಟನ್ನಿನಲ್ಲಿ ಕೌನ್ಸಿಲ್‌ನವರು ಕಡಿಮೆ ಬಾಡಿಗೆಗೆ ಕೊಡುವ ತುಂಡು ನೆಲ. ಇದಕ್ಕಾಗಿ ಮಾಡಿದ 1908ರ ಕಾಯ್ದೆ ಇನ್ನೂ ಚಾಲ್ತಿಯಲ್ಲಿದೆ. ಪೂರ್ತಿ ಪ್ಲಾಟ್ ಅಂದರೆ ಸುಮಾರು 250 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ನಮ್ಮದು ಒಬ್ಬರದ್ದಲ್ಲ, ಬೀದಿಯವರೆಲ್ಲ ಸೇರಿ ಮಾಡುವುದು. ಬೆಳೆದದ್ದರಲ್ಲಿ ಅರ್ಧ, ಇಲ್ಲದವರಿಗೆ ಉಚಿತವಾಗಿ ಆಹಾರ ಕೊಡುವ ಹತ್ತಿರದ ಫುಡ್ ಬ್ಯಾಂಕಿಗೆ ಹೋಗುತ್ತದೆ.

ನವೆಂಬರಿನಲ್ಲಿ ಅಮ್ಮ ತೀರಿಕೊಂಡರು. ತೀರ್ಥಹಳ್ಳಿಗೆ ಹೋಗಿ ಎಲ್ಲ ಮುಗಿಸಿ ನಾನು ಕಾರ್ಡಿಫ್‌ಗೆ ವಾಪಸಾದದ್ದು ಡಿಸೆಂಬರ್ 5ಕ್ಕೆ. ಮರುದಿನ ಸಂಜೆ ಮನೆಯಲ್ಲಿದ್ದ ಫೋನುಗಳೆಲ್ಲ ಒಟ್ಟಿಗೇ ಸೈರನ್‌ನಂತೆ ಕೂಗಿದವು. ಡಾರಾ ಬಿರುಗಾಳಿ ಬರುತ್ತಿದೆ, ಹೊರಗೆ ಬರಬೇಡಿ ಅಂತ ಸುಮಾರು 30 ಲಕ್ಷ ಜನರಿಗೆ ಸರ್ಕಾರ ಕಳಿಸಿದ ಎಚ್ಚರಿಕೆ ಅದು. ಬೆಳಗಿನ ಜಾವ ಮೂರರಿಂದ ಹನ್ನೊಂದರವರೆಗೆ ರೆಡ್ ವಾರ್ನಿಂಗ್, ಹವಾಮಾನದ ಅತಿ ದೊಡ್ಡ ಎಚ್ಚರಿಕೆ. ಉತ್ತರ ವೇಲ್ಸಿನ ಕಾಪೆಲ್ ಕೂರಿಗ್‌ನಲ್ಲಿ ಗಾಳಿ ಗಂಟೆಗೆ 93 ಮೈಲಿ ಮುಟ್ಟಿತ್ತು.

ಭಾನುವಾರ ಹೋಗಿ ನೋಡಿದರೆ ಪಾಲಿಟನಲ್ಲಿನ ಹಾಳೆ ಚಿಂದಿಚಿಂದಿಯಾಗಿ ಬೇಲಿಗೆ ನೇತಾಡುತ್ತಿತ್ತು. ಎರಡು ಕಮಾನು ಬಗ್ಗಿದ್ದವು. ಒಳಗಿನ ಮೇಜು ಮಗುಚಿ ಬಿದ್ದಿತ್ತು, ಅದರ ಮೇಲಿದ್ದ ಬಿಸ್ಕತ್ತಿನ ಡಬ್ಬಿ ಬಾಯಿ ತೆರೆದು ಕೆಸರಲ್ಲಿತ್ತು. ಆ ಡಬ್ಬಿ ಅಮ್ಮನದು. ಎರಡು ವರ್ಷದ ಹಿಂದೆ ನಮ್ಮಲ್ಲಿಗೆ ಬಂದಾಗ ಇಲ್ಲಿನ ರನ್ನರ್ ಬೀನ್ಸ್ ನೋಡಿ, 'ಇದು ನಮ್ಮ ಚಪ್ಪರದವರೆಯ ಅಕ್ಕನ ಹಾಗಿದೆಯಲ್ಲೇ' ಅಂದು, ಬಳ್ಳಿಯಲ್ಲೇ ಒಣಗಿದ ಕಾಯಿ ಬಿಡಿಸಿ ಬೀಜಕ್ಕೆಂದು ಅದರಲ್ಲಿ ಎತ್ತಿಟ್ಟಿದ್ದರು. ತಿಳಿನೇರಳೆ ಬಣ್ಣ, ಮೇಲೆ ಕಪ್ಪು ಮಚ್ಚೆ. ನನಗೆ ನಿಲ್ಲಲಿಕ್ಕೇ ಆಗಲಿಲ್ಲ, ಮನೆಗೆ ಬಂದುಬಿಟ್ಟೆ. ಮೂರು ವಾರ ಆ ಕಡೆ ತಲೆ ಹಾಕಲಿಲ್ಲ.

ಆ ಮೂರು ವಾರವೂ ಪ್ಲಾಟಿನ ಜೊತೆಗಾರರು ಬಂದಿದ್ದಾರೆ. ನಾಲ್ಕು ಗಂಟೆಗೆಲ್ಲ ಕತ್ತಲಾಗುವ ದಿನಗಳಲ್ಲಿ, ಬೆರಳು ಮರಗಟ್ಟುವ ಚಳಿಯಲ್ಲಿ. ಎಂಬತ್ತರ ಹತ್ತಿರದ ಅಜ್ಜ ಒಬ್ಬರು ಚಿಂದಿ ಹಾಳೆಯನ್ನೆಲ್ಲ ಕತ್ತರಿಸಿ ಸುತ್ತಿಟ್ಟರು. ಸಿರಿಯಾದಿಂದ ಬಂದು ನೆಲೆಸಿದ ಅಣ್ಣತಮ್ಮಂದಿರು ಕಮಾನು ನೆಟ್ಟಗೆ ಮಾಡಿದರು. ನಮ್ಮ ಕನ್ನಡದ ಎರಡು ಮನೆಯವರು ಮಕ್ಕಳನ್ನೂ ಕರೆದುಕೊಂಡು ಬಂದು, ಮಡಿಗಳ ಮೇಲೆ ರಟ್ಟು ಹಾಸಿ ಕುದುರೆ ಲದ್ದಿಯ ಗೊಬ್ಬರ ಹರಡಿದರು. ಚಳಿಗಾಲದಲ್ಲಿ ಮಾಡುವ ಕೆಲಸ ಕಣ್ಣಿಗೆ ಕಾಣುವುದಿಲ್ಲ, ಹೊಗಳುವವರೂ ಇರುವುದಿಲ್ಲ. ಬೇಸಿಗೆಯಲ್ಲಿ ಟೊಮೆಟೊ ಕೀಳಲು ಬರುವವರು ಬೇಕಾದಷ್ಟು ಜನ. ಜನವರಿಯಲ್ಲಿ ಗಟ್ಟಿಯಾದ ಮಣ್ಣಿಗೆ ಫೋರ್ಕ್ ಹಾಕಿ ಲೀಕ್ (ಈರುಳ್ಳಿ ಹೂವಿನ ಜಾತಿಯ ತರಕಾರಿ) ಎಬ್ಬಿಸುವವರು ಬೇರೆಯೇ ಥರದ ಮನುಷ್ಯರು. ಆ ಲೀಕ್, ಹಿಮ ಬಿದ್ದ ಮೇಲೆ ಸಿಹಿಯಾಗುವ ಪಾರ್ಸ್‌ನಿಪ್ ಗಡ್ಡೆ, ಕೇಲ್ ಸೊಪ್ಪು ಒಂದು ವಾರವೂ ತಪ್ಪದೆ ಫುಡ್ ಬ್ಯಾಂಕಿಗೆ ಹೋಗಿವೆ.

ಡಿಸೆಂಬರ್ ಕೊನೆಗೆ ನಮ್ಮ ಬಾಗಿಲು ತಟ್ಟಿದ್ದು ಯೂನಿವರ್ಸಿಟಿಯಲ್ಲಿ ಓದುವ ಒಬ್ಬಳು ಹುಡುಗಿ. ಕೈಯಲ್ಲಿ ಅದೇ ಬಿಸ್ಕತ್ತಿನ ಡಬ್ಬಿ. ಕೆಸರನ್ನು ಬೆರಳಲ್ಲಿ ಕೆದಕಿ ಕೆದಕಿ ಬೀಜ ಹುಡುಕಿದ್ದಾಳೆ. ಉಬ್ಬಿದ್ದನ್ನು ಬಿಟ್ಟು ಗಟ್ಟಿಯಾದದ್ದನ್ನಷ್ಟೇ ಆರಿಸಿ, ಒರೆಸಿ, ತನ್ನ ಕೋಣೆಯಲ್ಲಿ ಪೇಪರಿನ ಮೇಲೆ ಹರಡಿ ಒಣಗಿಸಿದ್ದಾಳೆ. 'ಮೂವತ್ತೊಂದು ಸಿಕ್ಕಿತು, ಇನ್ನೂ ಇದ್ದವೋ ಏನೋ' ಅಂದಳು, ತಪ್ಪು ತನ್ನದೇ ಅನ್ನುವ ಹಾಗೆ. ಅದು ಅಮ್ಮನ ಡಬ್ಬಿ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಮರುದಿನವೇ ನಾನು ಬೂಟು ಹಾಕಿಕೊಂಡು ಪ್ಲಾಟಿಗೆ ಹೋದೆ.

ನಮ್ಮೂರಲ್ಲಿ ಮುಯ್ಯಾಳು ಅಂತ ಇತ್ತು. ಇವತ್ತು ನಮ್ಮ ಗದ್ದೆಯ ನಾಟಿಗೆ ನೀವು, ನಾಳೆ ನಿಮ್ಮ ಗದ್ದೆಗೆ ನಾವು. ಎಷ್ಟು ಆಳು ಬಂದಿದ್ದರು, ಎಷ್ಟು ಆಳು ಹೋಗಬೇಕು ಅನ್ನುವ ಲೆಕ್ಕ ಅಮ್ಮನ ಬಾಯಲ್ಲೇ ಇರುತ್ತಿತ್ತು. ಇವರಿಗೆ ಹಿಂದಿರುಗಿ ಆಳು ಹೋಗಲು ಗದ್ದೆಯಿಲ್ಲ. ಹನ್ನೆರಡು ಶನಿವಾರದ ಮುಯ್ಯಿ ನನ್ನ ಮೇಲಿದೆ. ಹೇಗೆ ತೀರಿಸಲಿ ನಾನು?

ಮೊನ್ನೆ ಸೇಂಟ್ ಡೇವಿಡ್ ದಿನ, ವೇಲ್ಸಿನವರು ಅಂಗಿಗೆ ಲೀಕ್ ಸಿಕ್ಕಿಸಿಕೊಳ್ಳುವ ಹಬ್ಬ. ನಾನು ಆ ಲೀಕನ್ನೇ ಹಾಕಿ ದೊಡ್ಡ ಪಾತ್ರೆಯಲ್ಲಿ ಹುಳಿ ಮಾಡಿ ಒಯ್ದಿದ್ದೆ. ಅಜ್ಜ ಮೂರು ಸಲ ಹಾಕಿಸಿಕೊಂಡರು. ವೆಲ್ಶ್ ಭಾಷೆಯಲ್ಲಿ 'ಡಿಯೋಲ್ಖ್', ಅಂದರೆ ಧನ್ಯವಾದ, ಎಂದೆ. ಈ ಮುಯ್ಯಾಳುಗಳಲ್ಲಿ ಹೆಚ್ಚಿನವರು ಇದನ್ನು ಓದಲಾರರು. ಆದರೂ ಅಮ್ಮನ ಭಾಷೆಯಲ್ಲಿ ಒಮ್ಮೆ ಹೇಳದೆ ನನಗೆ ಸಮಾಧಾನವಿಲ್ಲ: ನಿಮ್ಮ ಕೈ ತಣ್ಣಗಿರಲಿ, ನಿಮ್ಮ ಹೊಟ್ಟೆ ತಂಪಾಗಿರಲಿ. ನೀವು ಮಾಡಿದ್ದನ್ನು ನಾನು ಮರೆಯುವುದಿಲ್ಲ.

ಡಬ್ಬಿ ಈಗ ಅಡುಗೆಮನೆಯ ಕಿಟಕಿಯಲ್ಲಿದೆ. ಮೇ ತಿಂಗಳಲ್ಲಿ ಹಿಮ ಬೀಳುವ ಭಯ ಕಳೆದ ಮೇಲೆ ಬಿತ್ತುತ್ತೇವೆ. ಮೊದಲ ಬೀಜ ಊರಲು ಆ ಹುಡುಗಿಗೆ ಹೇಳಿಟ್ಟಿದ್ದೇನೆ.