ಫಿಲಡೆಲ್ಫಿಯಾದ ಫೆಬ್ರವರಿ: ಯುವ ಬರಹಗಾರ್ತಿಗೆ ಒಂದು ಪತ್ರ

ಪ್ರೀತಿಯ ತಂಗೀ,

ನಿನ್ನ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಅದರ ಜೊತೆಗಿಟ್ಟ ಚೀಟಿಯನ್ನೂ ಓದಿದೆ. ‘ಅಮೆರಿಕದ ಫ್ರೀಮೇಸನ್ನರ, ಅಂದರೆ ದೀಕ್ಷೆ ಪಡೆದು ಸೇರುವ ಆ ಸೋದರಕೂಟದವರ, ಕಥೆ ಕನ್ನಡದಲ್ಲಿ ಯಾರಿಗೆ ಬೇಕು, ಒಲೆಗೆ ಹಾಕಿಬಿಡಲೇ’ ಎಂದು ಕೇಳಿದ್ದೀಯ. ಬೇಡ. ಎರಡನೆಯ ಅಧ್ಯಾಯವೊಂದನ್ನು ಹಾಕುತ್ತೇನೆ ಅಂದರೆ ಮಾತ್ರ ನಾನು ತಡೆಯುವುದಿಲ್ಲ.

ಅಧ್ಯಾಯಗಳ ಉದ್ದ, ಪ್ರಕಾಶಕರು, ಮುನ್ನುಡಿ ಯಾರಿಂದ ಬರೆಸುವುದು ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ‘ಲಾಡ್ಜ್’ ಅಂದರೆ ಬಸ್‌ಸ್ಟ್ಯಾಂಡಿನ ಎದುರಿಗಿರುವ ಕೋಣೆಗಳಲ್ಲ, ಸದಸ್ಯರ ಕೂಟ ಎಂದು ಮೊದಲ ಪುಟದಲ್ಲೇ ತಿಳಿಸಿಬಿಡು, ಅಷ್ಟು ಸಾಕು. ನನ್ನ ತಕರಾರು ಇರುವುದು ತಾರೀಖುಗಳ ಮೇಲೆ.

ನೀನು ಬರೆದಿದ್ದೀಯ: 1730ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದ ಮುದ್ರಕ ಬೆಂಜಮಿನ್ ಫ್ರಾಂಕ್ಲಿನ್ ಲಾಡ್ಜ್ ಸೇರಿದ, ಅದೇ ವರ್ಷ ಡಿಸೆಂಬರ್ 8ರಂದು ತನ್ನ ‘ಪೆನ್ಸಿಲ್ವೇನಿಯಾ ಗೆಜೆಟ್’ ಪತ್ರಿಕೆಯಲ್ಲಿ, ಮೇಸನ್ನರ ದೊಡ್ಡ ಗುಟ್ಟೆಂದರೆ ಅವರಲ್ಲಿ ಗುಟ್ಟೇ ಇಲ್ಲದಿರುವುದು ಎಂಬ ಗೇಲಿಯ ಬರಹ ಅಚ್ಚು ಹಾಕಿದ. ಆಮೇಲೆ ಒಂದೂವರೆ ಪುಟ ಅವನ ಇಬ್ಬಗೆಯ ಮನಸ್ಸಿನ ವಿಶ್ಲೇಷಣೆ. ಗದ್ಯ ಸೊಗಸಾಗಿದೆ, ಆದರೆ ಒಂದು ಸಾಲೂ ನಿಲ್ಲುವುದಿಲ್ಲ. ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ 1752ರ ಸುಧಾರಣೆಯ ತನಕ ಕಾನೂನಿನ ಹೊಸ ವರ್ಷ ಹುಟ್ಟುತ್ತಿದ್ದದ್ದು ಮಾರ್ಚ್ 25ಕ್ಕೆ. ಯುಗಾದಿಗೆ ಪಂಚಾಂಗ ಬದಲಾಯಿಸುವ ಮನೆಯಲ್ಲಿ ಬೆಳೆದ ನಿನಗೆ ಇದು ಕಷ್ಟವಾಗಬಾರದಿತ್ತು ಮಾರಾಯ್ತಿ! ಅವರ ‘1730ರ ಫೆಬ್ರವರಿ’ ನಮ್ಮ ಲೆಕ್ಕಕ್ಕೆ 1731ರ ಫೆಬ್ರವರಿ. ಅಂದರೆ ಗೇಲಿ ಮೊದಲು, ಸದಸ್ಯತ್ವ ಎರಡು ತಿಂಗಳ ಮೇಲೆ. ಮುದ್ರಣದ ಕಸುಬಿನ ಹುಡುಗನೊಬ್ಬ ಊರಿನ ದೊಡ್ಡವರ ಬಾಗಿಲು ತಟ್ಟಿದ ಬಗೆ ಅದು ಅಂತ ನನಗೆ ಕಾಣುತ್ತದೆ. ನೀನು ಬೇರೆ ಅರ್ಥ ಹಚ್ಚು, ಅಡ್ಡಿಯಿಲ್ಲ. ನಡೆದ ಕ್ರಮ ಇಟ್ಟುಕೊಂಡು ಹಚ್ಚು.

ಐದನೆಯ ಅಧ್ಯಾಯದಲ್ಲಿ ಇದೇ ತಪ್ಪು ಇನ್ನೂ ವಿಚಿತ್ರವಾಗಿದೆ. ಡೇನಿಯಲ್ ರೀಸ್ ಎಂಬ ಹುಡುಗ ಸುಟ್ಟುಕೊಂಡು ಸತ್ತದ್ದು 1737ರ ಜೂನ್‌ನಲ್ಲಿ. ಅವನ ಸಾವಿನ ವಿಚಾರಣೆ ನಿನ್ನಲ್ಲಿ 1737ರ ಜನವರಿಯಲ್ಲಿ ನಡೆದುಹೋಗಿದೆ! ತೀರ್ಪು ಬಂದ ಐದು ತಿಂಗಳಿಗೆ ಸಾವು. ಅದು 1738ರ ಜನವರಿ.

ಮಾಡಬೇಕಾದದ್ದು ಇಷ್ಟು. 1752ಕ್ಕೆ ಹಿಂದಿನ ತಾರೀಖು ಜನವರಿ 1ರಿಂದ ಮಾರ್ಚ್ 24ರ ಒಳಗೆ ಬಿದ್ದರೆ, ಮೂಲದಲ್ಲಿ ಇಸವಿ ಹೇಗೆ ಬರೆದಿದೆ ನೋಡು. ‘1730-31’ ಎಂದು ಜೋಡಿ ಇದ್ದರೆ ಎರಡನೆಯದನ್ನು ತೆಗೆದುಕೋ. ಒಂಟಿ ಇಸವಿಯಿದ್ದರೆ ಹಿಂದುಮುಂದಿನ ಪುಟ ನೋಡಿ, ಹಳೆಯ ಲೆಕ್ಕವೆಂದು ಖಾತ್ರಿಯಾದ ಮೇಲೆ ಒಂದು ಕೂಡಿಸು. ಕಣ್ಣುಮುಚ್ಚಿ ಕೂಡಿಸಿದರೆ ಆಗಲೇ ಜನವರಿಯಿಂದ ಎಣಿಸುತ್ತಿದ್ದವರ ಬರಹ ಒಂದು ವರ್ಷ ಮುಂದೆ ಹೋಗುತ್ತದೆ. ನಮ್ಮ ಶಾಸನಗಳಲ್ಲಿ ಗತ ಶಕವೋ ವರ್ತಮಾನ ಶಕವೋ ನೋಡದೆ 78 ಕೂಡಿಸುವವರು ಬೀಳುವುದು ಇದೇ ಹಳ್ಳಕ್ಕೆ. ದಿನಗಳನ್ನು ಮಾತ್ರ ಮುಟ್ಟಬೇಡ. ಹಳೆಯ ಕ್ಯಾಲೆಂಡರಿಗೂ ಈಗಿನದಕ್ಕೂ ಆ ಶತಮಾನದಲ್ಲಿ 11 ದಿನ ಅಂತರವಿತ್ತು ನಿಜ. ಅದನ್ನು ಕೂಡಿಸಿದೆಯೋ, ಮೇಸನ್ನರ ಮುಖ್ಯ ಹಬ್ಬವಾದ ಜೂನ್ 24ರ ಸಂತ ಜಾನ್ ದಿನ ಜುಲೈ 5ಕ್ಕೆ ಜಾರುತ್ತದೆ. ವಾರ ತಾಳೆ ಹಾಕುವಾಗಲಷ್ಟೇ ಅದು ಬೇಕು. 1732ರ ಜೂನ್ 24 ಗೆಜೆಟ್ ಪ್ರಕಾರ ಶನಿವಾರ; ಈಗಿನ ಕ್ಯಾಲೆಂಡರನ್ನು ಹಾಗೇ ಹಿಂದಕ್ಕೆ ಓಡಿಸಿದರೆ ಮಂಗಳವಾರ ಬರುತ್ತದೆ. ಅಂಥಲ್ಲಿ ಪತ್ರಿಕೆ ತಪ್ಪೆಂದು ಬರೆದುಬಿಡಬೇಡ.

ಇನ್ನೊಂದು ಗುಂಡಿಯಿದೆ. ಫಿಲಡೆಲ್ಫಿಯಾ ಕ್ವೇಕರರೆಂಬ ಕ್ರೈಸ್ತ ಪಂಗಡದವರ ಊರು. ತಿಂಗಳ ಹೆಸರುಗಳಲ್ಲಿ ಅನ್ಯದೇವತೆಗಳಿದ್ದಾರೆಂದು ಅವರು ಸಂಖ್ಯೆ ಬಳಸುತ್ತಿದ್ದರು. 1752ಕ್ಕೆ ಮುಂಚೆ ಅವರ ‘ಮೊದಲ ತಿಂಗಳು’ ಮಾರ್ಚ್, ‘ನಾಲ್ಕನೆಯದು’ ಜೂನ್. ಆಮೇಲೆ ‘ಮೊದಲ ತಿಂಗಳು’ ಜನವರಿಯಾಯಿತು. ಕ್ವೇಕರ್ ಪತ್ರದಲ್ಲಿ ‘4ನೇ ತಿಂಗಳು’ ಕಂಡ ಕೂಡಲೇ ಏಪ್ರಿಲ್ ಅನ್ನಬೇಡ. ಮೇಸನ್ನರದ್ದೇ ಒಂದು ಇಸವಿ ಬೇರೆ. 1734ರಲ್ಲಿ ಫ್ರಾಂಕ್ಲಿನ್ ಮರುಮುದ್ರಿಸಿದ ಆಂಡರ್ಸನ್‌ನ ‘ಸಂವಿಧಾನ’ವೆಂಬ ಮೇಸನ್ನರ ನಿಯಮಗಳ ಪುಸ್ತಕದ ಮುಖಪುಟದಲ್ಲಿ ಮೇಸನ್ ವರ್ಷ 5734 ಎಂದಿದೆ. 4000 ಕಳೆದರೆ ಮುಗಿಯಿತು. ಅದರ ಸುತ್ತ ನೀನು ಹೆಣೆದ ‘ಪ್ರಾಚೀನ ಈಜಿಪ್ಟಿನ ಗಣನೆ’ಯನ್ನು ದಯವಿಟ್ಟು ಹರಿದುಹಾಕು. ಕನ್ನಡದ ವಾರಪತ್ರಿಕೆಗಳಿಂದ ಹಿಡಿದು ಯೂಟ್ಯೂಬ್ ತನಕ ಡಾಲರ್ ನೋಟಿನ ಕಣ್ಣು, ಪಿರಮಿಡ್ಡು, ಲೋಕವಾಳುವ ಗುಪ್ತಕೂಟ ಎಂದು ಬರೆದೂ ಹೇಳಿಯೂ ಈ ವಿಷಯವನ್ನು ಹಾಳುಮಾಡಿದ್ದಾರೆ. ಆ ಸಾಲಿಗೆ ನೀನೂ ಸೇರಬೇಡ.

ಇನ್ನು ಕಾಗದಗಳ ವಿಷಯ. ನಿನ್ನ ಇಡೀ ಪುಸ್ತಕ ನಿಂತಿರುವುದು ಫಿಲಡೆಲ್ಫಿಯಾದ ಸೇಂಟ್ ಜಾನ್ಸ್ ಲಾಡ್ಜ್‌ನ ಲೆಕ್ಕದ ಪುಸ್ತಕದ ಮೇಲೆ. ಹೆಸರು ‘ಲಿಬರ್ ಬಿ’, 1731ರ ಜೂನ್ 24ರಿಂದ 1738ರ ವರೆಗಿನದು, ಬೆಳಕಿಗೆ ಬಂದದ್ದು 1884ರಲ್ಲಿ. ‘ಬಿ’ ಇದೆ ಅಂದಮೇಲೆ ‘ಎ’ ಇದ್ದಿರಬೇಕು. ಅದರಲ್ಲಿ ಏನಿತ್ತು ಎಂದು ಕಲ್ಪಿಸಿದ ಮೂರು ಪ್ಯಾರಾ ತೆಗೆ. ‘ಬಿ’ಯಲ್ಲಿರುವುದು ಯಾರು ಎಷ್ಟು ಕೊಟ್ಟರು, ಎಷ್ಟು ಬಾಕಿ ಅಷ್ಟೇ. ನಮ್ಮ ಸಹಕಾರ ಸಂಘದ ಖಾತೆ ಪುಸ್ತಕ ಓದಿದಂತೆ ಓದು. ಫ್ರಾಂಕ್ಲಿನ್ ಹೆಸರಿನಲ್ಲಿ ಪ್ರವೇಶದ 3 ಪೌಂಡಿನ ಪೈಕಿ 2 ಪೌಂಡು ಬಾಕಿ ನಿಂತಿದೆ, ಜೊತೆಗೆ ಐದು ತಿಂಗಳ ಚಂದಾ. ಜೂನ್‌ನಿಂದ ಐದು ತಿಂಗಳು ಹಿಂದಕ್ಕೆ ಎಣಿಸಿದ್ದರಿಂದಲೇ ಆ ಫೆಬ್ರವರಿ ಸಿಕ್ಕಿದ್ದು. ಅಂದರೆ ಅದು ಲೆಕ್ಕದಿಂದ ತೆಗೆದ ತಿಂಗಳು, ದೀಕ್ಷೆಯ ದಿನದ ದಾಖಲೆಯಲ್ಲ. ನೀನು ಒಂದು ಚಳಿಯ ರಾತ್ರಿ, ಒಂದು ಮೇಣದಬತ್ತಿ, ನಡುಗುವ ಕೈ ಎಲ್ಲ ತಂದಿಟ್ಟಿದ್ದೀಯ! ಆ ಬಾಕಿ 2 ಪೌಂಡು ಬರೆ, ಸಾಕು. ಪೌಂಡು ಅಂದರೆ ಲಂಡನ್ನಿನ ಪೌಂಡಲ್ಲ, ಪೆನ್ಸಿಲ್ವೇನಿಯಾದ ನಾಣ್ಯಲೆಕ್ಕ. ಒಂದು ಸ್ಪ್ಯಾನಿಷ್ ಡಾಲರಿಗೆ ಲಂಡನ್ನಿನಲ್ಲಿ 4 ಶಿಲ್ಲಿಂಗ್ 6 ಪೆನ್ಸ್ ಆದರೆ, ಶತಮಾನದ ನಡುವಿಗೆ ಫಿಲಡೆಲ್ಫಿಯಾದಲ್ಲಿ 7 ಶಿಲ್ಲಿಂಗ್ 6 ಪೆನ್ಸ್. ನೇರವಾಗಿ ರೂಪಾಯಿಗೆ ತಿರುಗಿಸುವ ಹುಚ್ಚು ಬಿಡು.

ಹೆನ್ರಿ ಬೆಲ್ ಬರೆದನೆನ್ನುವ 1754ರ ಕಾಗದವನ್ನೂ ನೀನು ಅಷ್ಟೇ ಧೈರ್ಯದಿಂದ ಬಳಸಿದ್ದೀಯ. ವಾಟರ್ ಸ್ಟ್ರೀಟಿನ ಟನ್ ಟ್ಯಾವರ್ನ್ ಎಂಬ ಪಾನಗೃಹದಲ್ಲಿ ನಾವು ಕೆಲವರು ಸೇರಿ ಲಾಡ್ಜ್ ಶುರುಮಾಡಿದೆವು ಎಂಬ ಆ ಮಾತು ಎಲ್ಲರಿಗೂ ಇಷ್ಟ. ನನಗೂ ಇಷ್ಟ. ಆದರೆ ಮೂಲಪ್ರತಿ ಕೈಗೆ ಸಿಕ್ಕಿಲ್ಲ, ನಮ್ಮವರೆಗೆ ಬಂದಿರುವುದು ಹತ್ತೊಂಬತ್ತನೆಯ ಶತಮಾನದವರ ಉಲ್ಲೇಖ. ಶಾಸನತಜ್ಞರು ಇಂಥವನ್ನು ಕೂಟಶಾಸನಗಳ, ಅಂದರೆ ಖೋಟಾ ಶಾಸನಗಳ, ಕಪಾಟಿನ ಪಕ್ಕ ಇಡುತ್ತಾರೆ. ಕಾಗದವನ್ನು ಬಿಡಬೇಕೆಂದಿಲ್ಲ, ಸಂಶಯವನ್ನು ಅದೇ ವಾಕ್ಯದೊಳಗೆ ಹೇಳು, ಪುಟದ ಕೆಳಗೆ ಬಚ್ಚಿಡಬೇಡ. ಲಾಡ್ಜ್‌ನ 1732ರ ಚುನಾವಣೆ ನಡೆದದ್ದು ಸನ್ ಟ್ಯಾವರ್ನ್‌ನಲ್ಲಿ ಎನ್ನುತ್ತದೆ ಗೆಜೆಟ್. ವಿಲಿಯಂ ಆಲೆನ್ ಗ್ರ್ಯಾಂಡ್ ಮಾಸ್ಟರ್ (ಮುಖ್ಯಸ್ಥ), ಫ್ರಾಂಕ್ಲಿನ್ ವಾರ್ಡನ್ (ಕೆಳಗಿನ ಪದಾಧಿಕಾರಿ). ನೀನು ಅಲ್ಲೂ ‘ಟನ್’ ಮಾಡಿಬಿಟ್ಟಿದ್ದೀಯ.

ಅಮೆರಿಕದ ಲಾಡ್ಜ್‌ಗಳಲ್ಲಿ ಬಾಸ್ಟನ್ ಮೊದಲೋ ಫಿಲಡೆಲ್ಫಿಯಾ ಮೊದಲೋ ಎಂಬ ಜಗಳಕ್ಕೆ ಇಪ್ಪತ್ತು ಪುಟ ಯಾಕೆ? ಸನದು (ಮೇಲಿನವರು ಕೊಡುವ ಅಧಿಕಾರಪತ್ರ) ಬೇರೆ, ಸಭೆ ಬೇರೆ, ಅಷ್ಟು ಬಿಡಿಸಿದರೆ ಎರಡು ಪುಟ ಸಾಕು. ಡೇನಿಯಲ್ ಕಾಕ್ಸ್‌ಗೆ 1730ರ ಜೂನ್ 5ರಂದು ಲಂಡನ್ನಿನಿಂದ ನ್ಯೂಯಾರ್ಕ್, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾಗಳ ಅಧಿಕಾರ ಸಿಕ್ಕಿತು, ಎರಡು ವರ್ಷದ ಮಟ್ಟಿಗೆ. ಸಿಕ್ಕಿತು ಎಂಬಷ್ಟಕ್ಕೆ ಆಧಾರವಿದೆ; ‘ಲಾಡ್ಜ್ ಸ್ಥಾಪಿಸಿದ’ ಎಂಬ ಕ್ರಿಯಾಪದ ನಿನ್ನದು. ಬಾಸ್ಟನ್ನಿನಲ್ಲಿ ಹೆನ್ರಿ ಪ್ರೈಸ್ 1733ರ ಜುಲೈ 30ರಂದು ಸನದಿನ ಬಲದಿಂದ ಲಾಡ್ಜ್ ತೆರೆದ, ಆದರೆ ಅಲ್ಲಿನ ಆರಂಭದ ನಡಾವಳಿಯನ್ನು ಕಾರ್ಯದರ್ಶಿ ಚಾರ್ಲ್ಸ್ ಪೆಲ್ಹಮ್ ಬರೆದಿಟ್ಟದ್ದು ಎಷ್ಟೋ ವರ್ಷಗಳ ನಂತರ. ಫಿಲಡೆಲ್ಫಿಯಾದವರದು ತದ್ವಿರುದ್ಧ: ಆ ಕಾಲದ್ದೇ ಲೆಕ್ಕಪುಸ್ತಕ ಇದೆ, ಸನದು ಗಟ್ಟಿಯಿಲ್ಲ. ಅದಕ್ಕೇ ಫ್ರಾಂಕ್ಲಿನ್ 1734ರ ನವೆಂಬರ್ 28ರಂದು ಪ್ರೈಸ್‌ಗೆ ಪತ್ರ ಬರೆದು ಅಧಿಕಾರಪತ್ರ ಕೇಳುತ್ತಾನೆ. ಆ ಪತ್ರವನ್ನು ನೀನು ಅರ್ಧ ವಾಕ್ಯದಲ್ಲಿ ಮುಗಿಸಿದ್ದೀಯಲ್ಲ, ಎಂಥ ನಷ್ಟ!

ರೀಸ್ ಅಧ್ಯಾಯ ಮಾತ್ರ ಯಾರೂ ಕಲಿಸಿಕೊಡಲಾಗದ ಬರವಣಿಗೆ. ಮೇಸನ್ ಆಗಬೇಕೆಂಬ ಆಸೆಯ ಅಪ್ರೆಂಟಿಸ್ ಹುಡುಗ, ಸುಳ್ಳು ದೀಕ್ಷೆಯ ಆಟ ಹೂಡಿದ ಅವನ ಯಜಮಾನ ಡಾಕ್ಟರ್ ಇವಾನ್ ಜೋನ್ಸ್, ನೆಲಮಾಳಿಗೆ, ಉರಿಯುವ ಮದ್ಯದ ಬಟ್ಟಲು, ಎಲ್ಲ ಸರಿಯಾಗಿ ಕೂತಿವೆ. ‘ಮೇಸನ್ನರು ಕೊಂದರು’ ಎಂಬ ಶೀರ್ಷಿಕೆ ಬದಲಿಸು, ಇವರು ನಮ್ಮವರಲ್ಲ ಎಂದು ಲಾಡ್ಜ್ ಆಗಲೇ ಗೆಜೆಟ್‌ನಲ್ಲಿ ಸಾರಿತ್ತು. ಹಾಗೆಂದು ಫ್ರಾಂಕ್ಲಿನ್‌ನನ್ನು ಪೂರ್ತಿ ತೊಳೆದುಬಿಡಲೂ ಹೋಗಬೇಡ. ಅಣಕದ ಪ್ರಮಾಣವಚನ ಕೇಳಿ ಮೊದಲು ನಕ್ಕೆ ಎಂದು ಅವನೇ 1738ರ ಫೆಬ್ರವರಿ 15ರ ಗೆಜೆಟ್‌ನಲ್ಲಿ ಒಪ್ಪಿಕೊಂಡಿದ್ದಾನೆ. ಎದುರಾಳಿ ಪತ್ರಿಕೆಯ ಬ್ರ್ಯಾಡ್‌ಫರ್ಡ್ ಆ ನಗುವನ್ನೇ ಹಿಡಿದಿದ್ದ. ಏಪ್ರಿಲ್ 13ರಂದು ತಂದೆತಾಯಿಗೆ ಬರೆದ ಪತ್ರದಲ್ಲಿ, ಮೇಸನ್ನರು ಯಾರಿಗೂ ಕೇಡು ಮಾಡದ ಜನ, ತಿಳಿಯುವ ತನಕ ಅಮ್ಮ ತೀರ್ಮಾನ ಮಾಡದಿರಲಿ ಎಂದು ಕೇಳಿಕೊಳ್ಳುತ್ತಾನೆ. ನಗುವನ್ನೂ ಈ ಪತ್ರವನ್ನೂ ಅಕ್ಕಪಕ್ಕ ಇಡು, ನಡುವೆ ನೀನು ಮಾತಾಡಬೇಡ.

1755ರ ಮೇಸನ್ ಹಾಲ್, ಆಮೇಲಿನ ಮೇಸನ್ನರ ‘ಪುರಾತನ’ ‘ಆಧುನಿಕ’ ಪಂಗಡಗಳ ಕಿತ್ತಾಟ ಈ ಪುಸ್ತಕಕ್ಕೆ ಬೇಡ, 1738ಕ್ಕೇ ನಿಲ್ಲಿಸು.

ಎರಡು ಮತ್ತು ಐದನೆಯ ಅಧ್ಯಾಯಗಳನ್ನು ಮೊದಲು ತಿದ್ದಿ ಕಳಿಸು. ಪ್ರತಿ ತಾರೀಖಿನ ಎದುರು ಅಂಚಿನಲ್ಲಿ ಪೆನ್ಸಿಲಿನಿಂದ ಮೂರು ಸಂಗತಿ ಗುರುತು ಹಾಕಿರು: ಮೂಲದಲ್ಲಿ ಇದ್ದಂತೆ ಇಸವಿ, ನೀನು ಬದಲಿಸಿದ ಇಸವಿ, ಆ ಕಾಗದ ಬರೆದ ಕಾಲ. ಸಾಲುಗಳ ನಡುವೆ ಜಾಗ ಹೆಚ್ಚು ಬಿಡು, ನನ್ನ ಅಕ್ಷರ ದಪ್ಪ.

ಆಶೀರ್ವಾದಗಳೊಂದಿಗೆ,
ನಿನ್ನ ಅಣ್ಣ