ಹಂಚಿನ ಮಾಡಿನ ಮಿಷನ್ ಚರ್ಚ್‌ಗಳನ್ನ ಕೆಡವೋ ಮುಂಚೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಕರಾವಳಿಯ ಸಣ್ಣ ಸಣ್ಣ ಊರುಗಳಲ್ಲಿ, ಸ್ವಿಟ್ಜರ್ಲೆಂಡ್‌ನಿಂದ ಬಂದ ಪ್ರೊಟೆಸ್ಟಂಟ್ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಕಟ್ಟಿದ ಹಳೇ ಚರ್ಚ್‌ಗಳು ರಿಪೇರಿ ಹೆಸರಲ್ಲಿ ಗುರುತೇ ಸಿಗದ ಹಾಗೆ ಬದಲಾಗ್ತಾ ಇರೋದನ್ನ ನೋಡಿ ಈ ಪತ್ರ ಬರೀತಾ ಇದೀನಿ. ಒಂದ್ಕಡೆ ಮಾಡು, ಅಂದ್ರೆ ಛಾವಣಿ, ಇಳಿಸಿ ಆರ್‌ಸಿಸಿ ಸ್ಲ್ಯಾಬ್ ಹಾಕ್ತಾರೆ, ಇನ್ನೊಂದ್ಕಡೆ ಹಂಚು ತೆಗ್ದು ಶೀಟ್ ಹೊದಿಸ್ತಾರೆ, ಮತ್ತೊಂದ್ಕಡೆ ಪೂರ್ತಿ ಕೆಡವಿ ಹೊಸದು ಕಟ್ಟೋಣ ಅನ್ನೋ ಮಾತು. ಯಾಕೆ ಅಂತ ಕೇಳಿದ್ರೆ, ಅದ್ರಲ್ಲಿ ಉಳಿಸೋಕೆ ಏನಿದೆ, ಒಂದು ಉದ್ದ ಹಾಲ್ ಅಷ್ಟೇ ಅಲ್ವಾ, ಚಿತ್ರ ಇಲ್ಲ, ಕೆತ್ತನೆ ಇಲ್ಲ ಅಂತಾರೆ. ಈ ಮಾತಿಗೇ ನಂಗೆ ಉತ್ತರ ಕೊಡ್ಬೇಕು ಅನ್ಸಿದ್ದು.

ಆ ಸರಳತೆ ದುಡ್ಡಿಲ್ಲದೆ ಆದದ್ದಲ್ಲ, ಬೇಕು ಅಂತಾನೇ ಹಾಗೆ ಕಟ್ಟಿದ್ದು. 1834ರಲ್ಲಿ ಹೆಬಿಕ್, ಲೇಹ್ನರ್, ಗ್ರೈನರ್ ಅಂತ ಮೂರು ಜನ ಮಂಗಳೂರಿಗೆ ಬಂದ್ರಲ್ಲ, ಅವರನ್ನ ಕಳಿಸಿದ ಬಾಸೆಲ್ ಮಿಷನ್ನಿನವರ ನಂಬಿಕೆ ಏನಂದ್ರೆ ದೇವರ ವಾಕ್ಯ ಕೇಳೋದೇ ಆರಾಧನೆಯ ಮುಖ್ಯ ಭಾಗ, ಹಾಗಾಗಿ ಕಣ್ಣು ಬೇರೆ ಕಡೆ ಹೋಗ್ಬಾರ್ದು, ಕಿವಿಗೆ ಸರಿಯಾಗಿ ಕೇಳಿಸ್ಬೇಕು. ಆ ಚರ್ಚ್‌ಗಳ ಒಳಗೆ ಹೋಗಿ ನೋಡಿ, ಬಿಳಿ ಸುಣ್ಣದ ಗೋಡೆ, ಎರಡೂ ಬದಿ ಸಾಲಾಗಿ ಎತ್ತರದ ಕಿಟಕಿಗಳು, ಎದುರಿಗೆ ಉಪದೇಶ ಮಾಡೋ ಪ್ರಸಂಗ ಪೀಠ, ಕರ್ತನ ಭೋಜನದ ಮೇಜು, ಅಷ್ಟೇ. ಮಂಗಳೂರಿನಲ್ಲಿ ಕ್ಯಾಥೊಲಿಕರ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಮೋಸ್ಕೆನಿ ಬರೆದ ಚಿತ್ರಗಳನ್ನ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ, ಬರ್ಲಿ, ಅದು ನಿಜವಾಗ್ಲೂ ಅದ್ಭುತ. ಆದ್ರೆ ಅದೇ ಅಳತೆಗೋಲು ಹಿಡ್ಕೊಂಡು ಮಿಷನ್ ಚರ್ಚ್ ಬೋಳು ಅನ್ನೋದು ತಪ್ಪು, ಎರಡೂ ಬೇರೆ ಬೇರೆ ಭಕ್ತಿಯಿಂದ ಹುಟ್ಟಿದ ಕಟ್ಟಡಗಳು.

ಇನ್ನು ಆ ಮಾಡಿನ ವಿಷಯ. ಇಲ್ಲಿ ಆಗ ಕ್ರೈಸ್ತರಾಗಿ ಬಾಸೆಲ್ ಮಿಷನ್ ಸಭೆಗೆ, ಅಂದ್ರೆ ಚರ್ಚಿನ ಸಮುದಾಯಕ್ಕೆ, ಸೇರಿದವರಲ್ಲಿ ಬಿಲ್ಲವರು ಬಹಳ ಜನ, ಅವರಲ್ಲಿ ಎಷ್ಟೋ ಜನರ ಕಸುಬು ಮೂರ್ತೆದಾರಿಕೆ, ಅಂದ್ರೆ ಮರದಿಂದ ಕಳ್ಳು ಇಳಿಸೋದು, ಅದನ್ನ ಮಿಷನ್ ಒಪ್ತಿರ್ಲಿಲ್ಲ, ಆ ಕಡೆ ಸ್ವಂತದವರೂ ದೂರ ಮಾಡ್ತಿದ್ರು, ಇರೋಕೆ ಜಾಗ ಇಲ್ಲ ದುಡಿಯೋಕೆ ಕೆಲ್ಸ ಇಲ್ಲ ಅನ್ನೋ ಸ್ಥಿತಿ. ಅದಕ್ಕೇ ಮಿಷನ್ನಿನವರು ನೇಯ್ಗೆ, ಮುದ್ರಣ, ಆಮೇಲೆ ಹಂಚಿನ ಕೆಲಸ ಶುರು ಮಾಡಿದ್ದು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಅನ್ನೋರು ಹಂಚಿನ ಕಾರ್ಖಾನೆ ತೆಗೆದ್ರು. ಅದಕ್ಕೂ ಮುಂಚೆ ಈ ಕಡೆ ಹುಲ್ಲಿನ ಮಾಡು ಇಲ್ಲಾಂದ್ರೆ ಕೈಯಲ್ಲಿ ಮಾಡಿದ ನಾಡಹಂಚು, ಅದನ್ನ ಪದರ ಪದರವಾಗಿ ಹೊದಿಸ್ಬೇಕು, ಭಾರ ಜಾಸ್ತಿ, ವರ್ಷ ವರ್ಷ ಕೈಯಾಡಿಸ್ಬೇಕು. ಹೊಸ ಹಂಚಿನಲ್ಲಿ ತೋಡು ಇತ್ತು, ಒಂದಕ್ಕೊಂದು ಕಚ್ಕೊಂಡು ಕೂರುತ್ತೆ, ಒಂದೇ ಪದರ ಸಾಕು. ಮಾಡು ಹಗುರ ಆಯ್ತು, ನಡುವೆ ಕಂಬಗಳಿಲ್ಲದೆ ಅಗಲವಾದ ಹಾಲ್ ಕಟ್ಟೋದು ಸುಲಭ ಆಯ್ತು. ನೇತ್ರಾವತಿ, ಗುರುಪುರ ನದಿಗಳ ಬದಿಯ ಮಣ್ಣಿಂದ ಆದ ಆ ಹಂಚು ಸಮುದ್ರ ದಾಟಿ ಹೋಯ್ತು, ಮಂಗಳೂರು ಹಂಚು ಅಂತ ಹೆಸರಾಯ್ತು. ಅಂದ್ರೆ ಸಭೆಯ ಜನರ ತಲೆ ಮೇಲಿರೋ ಆ ಮಾಡು, ಆ ಸಭೆಯವರಿಗೆ ಅನ್ನ ಕೊಟ್ಟ ಕೆಲಸದಿಂದಲೇ ಬಂದಿದ್ದು. ಅದನ್ನ ಗುಜರಿಗೆ ಹಾಕಿ ಶೀಟ್ ಹೊದಿಸಿದ್ರೆ ಸಭೆಯವರು ತಮ್ಮದೇ ಅಜ್ಜ ಅಜ್ಜಿಯರ ದುಡಿಮೆಯ ಗುರುತನ್ನ ಅಳಿಸಿದ ಹಾಗೆ, ದಯವಿಟ್ಟು ಇದನ್ನ ಯೋಚ್ನೆ ಮಾಡಿ.

ಶೀಟಿನ ಕೆಳಗೆ ಆಷಾಢದ ಮಳೆಯಲ್ಲಿ ಕೂತವರಿಗೆ ಗೊತ್ತು, ಪ್ರಸಂಗದ ಒಂದು ಮಾತೂ ಕೇಳಲ್ಲ, ಮೈಕ್ ಇದ್ರೂ ಅಷ್ಟೇ. ವಾಕ್ಯ ಕೇಳಿಸ್ಲಿ ಅಂತಾನೇ ಕಟ್ಟಿದ ಕಟ್ಟಡದಲ್ಲಿ ಹೀಗಾಗ್ಬೇಕಾ. ಸೆಖೆಯೂ ಹಾಗೇ, ಎತ್ತರದ ಹಂಚಿನ ಮಾಡಲ್ಲಿ ಬಿಸಿ ಗಾಳಿ ಮೇಲಕ್ಕೆ ಹೋಗಿ ಹಂಚಿನ ಸಂದಿಗಳಿಂದ ಹೊರಗೆ ಹೋಗುತ್ತೆ, ಸ್ಲ್ಯಾಬಿನ ಕೆಳಗೆ ಅದಕ್ಕೆ ದಾರಿನೇ ಇಲ್ಲ.

ಗೋಡೆಗೆ ಆಗ್ತಿರೋ ಹಾನಿ ಇನ್ನೂ ದೊಡ್ಡದು, ಯಾಕಂದ್ರೆ ಅದು ಶುರುವಲ್ಲಿ ಕಾಣಲ್ಲ. ಈ ಗೋಡೆಗಳು ಮುರಕಲ್ಲಿನವು, ಮುರಕಲ್ಲು ನೀರು ಕುಡಿಯೋ ಕಲ್ಲು. ಹಳೇ ಸುಣ್ಣದ ಗಾರೆ ಇದ್ದಾಗ ಮಳೆಗಾಲದಲ್ಲಿ ಕುಡಿದ ನೀರು ಬೇಸಿಗೆಯಲ್ಲಿ ಆವಿಯಾಗಿ ಹೊರಗೆ ಹೋಗ್ತಿತ್ತು. ಈಗ ಹೊರಗಿನಿಂದ ಸಿಮೆಂಟ್ ಪ್ಲಾಸ್ಟರ್ ಮಾಡಿ ಮೇಲಿಂದ ಪ್ಲಾಸ್ಟಿಕ್ ಪೇಂಟ್ ಬಳಿದ್ರೆ ನೀರು ಒಳಗೇ ಸಿಕ್ಕಾಕ್ಕೊಳ್ಳುತ್ತೆ, ಒಳಗೋಡೆ ಉಪ್ಪು ಬಿಡುತ್ತೆ, ಸ್ವಲ್ಪ ವರ್ಷಕ್ಕೆ ಪ್ಲಾಸ್ಟರ್ ಕಳಚಿ ಬೀಳುತ್ತೆ, ಆಗ ನೋಡಿ ಕಟ್ಟಡ ಹಾಳಾಗಿದೆ ಕೆಡವ್ಲೇಬೇಕು ಅಂತಾರೆ. ಹಾಳು ಮಾಡಿದ್ದು ಆ ರಿಪೇರಿನೇ ಅಲ್ವಾ! ಹಳೇ ಮಾಡಿನ ಗೆದ್ದಲು ಹಿಡಿದ ಪಕ್ಕಾಸು, ರೀಪು, ಒಡೆದ ಹಂಚು ಬದಲಾಯಿಸಿ, ಗೋಡೆಗೆ ಸುಣ್ಣದ ಗಾರೆಯನ್ನೇ ಮಾಡ್ಸಿದ್ರೆ ಸಾಕು ಅನ್ನೋ ಕಟ್ಟಡಗಳೇ ಹೆಚ್ಚು.

ಸಭೆ ದೊಡ್ಡದಾಗಿದೆ, ಜಾಗ ಸಾಲಲ್ಲ ಅನ್ನೋ ಕಷ್ಟ ನಿಜ, ಅದನ್ನ ನಾನು ತಳ್ಳಿ ಹಾಕಲ್ಲ. ಮಿಷನ್ ಕಂಪೌಂಡ್‌ಗಳಲ್ಲಿ ಸಾಮಾನ್ಯವಾಗಿ ಜಾಗ ಇರುತ್ತೆ, ಪಕ್ಕದಲ್ಲಿ ಹೊಸದು ಕಟ್ಟಿ ಹಳೇದನ್ನ ಸಂಡೇ ಸ್ಕೂಲ್‌ಗೋ ಬೆಳಗಿನ ಸಣ್ಣ ಆರಾಧನೆಗೋ ಇಟ್ಕೊಳ್ಬಹುದು.

ನನ್ನ ಕೋರಿಕೆ ಇಷ್ಟು. ಸಭಾ ಸಮಿತಿಯವರು ಯಾವ ಕೆಲ್ಸಕ್ಕೂ ಕೈ ಹಾಕೋ ಮುಂಚೆ ಕಟ್ಟಡದ ಅಳತೆ ತೆಗೆಸಿ ನಕ್ಷೆ ಮಾಡ್ಸಿ ಫೋಟೋ ತೆಗ್ಸಿ ಇಡಿ, ಸುಣ್ಣದ ಕೆಲಸ ಗೊತ್ತಿರೋ ಮೇಸ್ತ್ರಿಗಳು, ಹಳೇ ಕಟ್ಟಡ ರಿಪೇರಿ ಮಾಡೋ ಆರ್ಕಿಟೆಕ್ಟ್‌ಗಳು ಇದಾರೆ, ಅವರನ್ನ ಕರೆದು ತೋರ್ಸಿ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹದಲ್ಲಿ, ಸ್ವಿಟ್ಜರ್ಲೆಂಡ್‌ನ ಬಾಸೆಲ್‌ನಲ್ಲಿರೋ ಮಿಷನ್ ಆರ್ಕೈವ್‌ನಲ್ಲಿ ಹಳೇ ಫೋಟೋ, ವರದಿಗಳಿವೆ, ನಿಮ್ಮ ಊರಿನ ಚರ್ಚಿಂದೂ ಇದ್ಯಾ ಅಂತ ವಿಚಾರಿಸಿ. ಪುರಾತತ್ವ ಇಲಾಖೆ ದೇವಸ್ಥಾನ, ಬಸದಿ, ಕೋಟೆಗಳ ಜೊತೆ ಈ ಸಣ್ಣ ಚರ್ಚ್‌ಗಳನ್ನೂ ಸಮೀಕ್ಷೆಗೆ ಸೇರಿಸ್ಲಿ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ತಂದ ಮೋಗ್ಲಿಂಗ್ ಕೂಡ ಇದೇ ಮಿಷನ್ನಿನವರು, ಹಾಗಾಗಿ ಪತ್ರಿಕೆಯವರ ಹತ್ರ ಕೇಳೋಕೆ ನಂಗೆ ಸಂಕೋಚ ಇಲ್ಲ: ಮೂಲ್ಕಿ, ಉಡುಪಿ, ಆ ಕಡೆ ಧಾರವಾಡ, ಗದಗ-ಬೆಟಗೇರಿ ತನಕ ಇರೋ ಈ ಚರ್ಚ್‌ಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಒಂದು ಲೇಖನಮಾಲೆ ಮಾಡಿ, ಮುಂದಿನ ಮಳೆಗಾಲಕ್ಕೆ ಮುಂಚೆನೇ ಶುರು ಮಾಡಿದ್ರೆ ಒಳ್ಳೇದು, ಯಾಕಂದ್ರೆ ಮಾಡು ಇಳಿಸೋ ಕೆಲಸ ಎಲ್ಲಾ ಕಡೆ ಬೇಸಿಗೆಯಲ್ಲೇ ನಡೆಯೋದು.

ಇಂತಿ,
ಕರಾವಳಿಯ ಒಬ್ಬ ಓದುಗ