ನನ್ನ ಉಮ್ಮನ ಹೆಸರು ಸರಿಯಾಗಿ ಬರೆಯಿರಿ: ಕೇರಳದ ಮುಖ್ಯ ಚುನಾವಣಾಧಿಕಾರಿಯವರಿಗೆ ಬಹಿರಂಗ ಪತ್ರ

ಮಾನ್ಯರೇ,

ನಾನು ಕರ್ನಾಟಕದ ಗಡಿಗೆ ತಾಗಿದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ಕ್ಷೇತ್ರದ ಮತದಾರ. ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಮಾಸ್ಟ್ರಾಗಿದ್ದೆ. ಕನ್ನಡದಲ್ಲಿ ಕಾದಂಬರಿ ಬರೆಯುತ್ತೇನೆ. ಮನೆಯಲ್ಲಿ ಬ್ಯಾರಿ, ಮೀನು ಮಾರ್ಕೆಟ್ಟಿನಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ಕಾಗದದ ಮೇಲೆ ಕನ್ನಡ. ನಮ್ಮ ಕಡೆ ತುಂಬಾ ಜನರ ಬದುಕು ಹೀಗೇ.

ಈ ಪತ್ರ ಬರೆಯಬೇಕು ಅಂತ ಎಷ್ಟೋ ಚುನಾವಣೆಗಳಿಂದ ಅಂದುಕೊಂಡಿದ್ದೆ. ಪ್ರತಿ ಸಲ ಏನೋ ಒಂದು ಆಗುತ್ತಿತ್ತು. ಹೋಗಲಿ, ಮುಂದಿನ ಸಲ ಸರಿಯಾಗುತ್ತದೆ ಅಂತ ಸುಮ್ಮನಾಗುತ್ತಿದ್ದೆ. ಈ ಸಲ ಸುಮ್ಮನಿರಲು ಆಗಲಿಲ್ಲ. ವಿಷಯ ನನ್ನ ಉಮ್ಮನದ್ದು, ಅಂದರೆ ಅಮ್ಮನದ್ದು. ಅವರಿಗೆ 87 ವರ್ಷ.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕ್ಷೇತ್ರದ ಕನ್ನಡ ಓದುವ ಮತದಾರರಿಗೆ ಫಾರ್ಮು, ನೋಟೀಸು, ಪಟ್ಟಿ ಎಲ್ಲವೂ ಕನ್ನಡದಲ್ಲೂ ಸಿಗಬೇಕು. ನಮ್ಮ ಹೆಸರನ್ನು ಕನ್ನಡದಲ್ಲಿ ಕೇಳಿ, ಕನ್ನಡದಲ್ಲಿ ಬರೆದುಕೊಳ್ಳಿ. ಆಮೇಲೆ ಬೇರೆ ಲಿಪಿಗೆ ಹಾಕಿ.

2025ರ ನವೆಂಬರ್ 4ರಿಂದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ ಶುರುವಾಯಿತು. ಊರಲ್ಲಿ ಎಲ್ಲರೂ ಎಸ್‌ಐಆರ್ ಅನ್ನುತ್ತಾರೆ. ನಮ್ಮ ಬೂತಿನ ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿ, ರಾತ್ರಿ ಎಂಟು ಗಂಟೆಗೆ ಮೊಬೈಲ್ ಬೆಳಕಿನಲ್ಲಿ ನಡೆದುಕೊಂಡು ಮನೆಗೆ ಬಂದರು. ಪಾಪ, ನಿಂತುಕೊಳ್ಳುವುದಕ್ಕೂ ತ್ರಾಣ ಇರಲಿಲ್ಲ ಅವರಿಗೆ. ಕೊಟ್ಟ ಫಾರ್ಮ್ ಮಲಯಾಳದಲ್ಲಿತ್ತು. ಕನ್ನಡದ್ದು ಇಲ್ವಾ ಅಂತ ಕೇಳಿದೆ. "ನನ್ನ ಕೈಗೆ ಕೊಟ್ಟದ್ದು ಇದೇ ಮಾಸ್ಟ್ರೇ" ಅಂದರು. ಅವರ ಮೇಲೆ ಸಿಟ್ಟು ಮಾಡಿ ಏನು ಬಂತು? ನನಗೆ ಮಲಯಾಳ ಮಾತಾಡಲು ಬರುತ್ತದೆ. ಓದಬೇಕಾದರೆ ಅಕ್ಷರಕ್ಕೆ ಅಕ್ಷರ ಕೂಡಿಸಬೇಕು. ಕೊನೆಗೆ ಮೊಮ್ಮಗಳು ಓದಿ ಹೇಳಿದಳು, ನಾನು ತುಂಬಿದೆ.

ಫಾರ್ಮಿನಲ್ಲಿ 2002ರ ಪಟ್ಟಿಯ, ಅಂದರೆ ಹಿಂದಿನ ಸಲ ಇಂಥ ಪರಿಷ್ಕರಣೆ ಆದಾಗಿನ ಪಟ್ಟಿಯ ವಿವರ ಕೇಳಿದ್ದರು. ಹುಡುಕಿದರೆ ಉಮ್ಮ ಸಿಗಲಿಲ್ಲ. ಮನೆ ಹೆಸರಿನಿಂದ ಹುಡುಕಿದೆವು, ಅದೂ ಸಿಗಲಿಲ್ಲ. ನಮ್ಮ ಮನೆ ಹೆಸರಿನಲ್ಲಿ ಒಂದು 'ಳ' ಇದೆ. ಇಂಗ್ಲಿಷಿನಲ್ಲಿ 'ಲ'ಕ್ಕೂ 'ಳ'ಕ್ಕೂ ಒಂದೇ ಅಕ್ಷರ. ಕನ್ನಡದ ಹೆಸರು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಮಲಯಾಳಕ್ಕೆ ಬರುವಾಗ ದಾರಿಯಲ್ಲಿ 'ಳ' ಬಿದ್ದುಹೋಗಿತ್ತು. ಮಲಯಾಳದಲ್ಲೂ 'ಳ' ಇದೆ, ಸ್ವಾಮೀ. ನೇರವಾಗಿ ಬರೆದಿದ್ದರೆ ಬೀಳುತ್ತಲೇ ಇರಲಿಲ್ಲ.

ಕೊನೆಗೆ ಇಡೀ ಬೂತಿನ ಪಟ್ಟಿಯನ್ನು ಮೊದಲ ಪುಟದಿಂದ ಓದಿದೆವು. ನನ್ನ ಬಾಪನ, ಅಂದರೆ ಅಪ್ಪನ, ಹೆಸರು ಸಿಕ್ಕಿತು. ಅದರ ಕೆಳಗೆ ಒಬ್ಬ ಗಂಡಸು ಇದ್ದ. ಮನೆ ನಂಬರ್ ನಮ್ಮದು, ವಯಸ್ಸು ಉಮ್ಮನದ್ದು. ಉಮ್ಮನ ಹೆಸರು 'ಉಮ್ಮ' ಅಂತ ಕೊನೆಯಾಗುತ್ತದೆ. ಯಾರೋ ಅದಕ್ಕೊಂದು 'ರ್' ಸೇರಿಸಿದ್ದರು. ಉಮ್ಮರ್ ನಮ್ಮಲ್ಲಿ ಗಂಡಸಿನ ಹೆಸರು. ಲಿಂಗದ ಕಾಲಮ್ಮಿನಲ್ಲಿ ಪುರುಷ ಅಂತ ಇತ್ತು. ಸಂಬಂಧದ ಕಾಲಮ್ಮಿನಲ್ಲಿ ಗಂಡ ಅಂತ ಬಾಪನ ಹೆಸರಿತ್ತು. ಎರಡನ್ನೂ ಒಂದೇ ಸಾಲಿನಲ್ಲಿ ಬರೆದವರಿಗೆ ಒಮ್ಮೆಯಾದರೂ ಏನೋ ತಪ್ಪಿದೆ ಅಂತ ಅನಿಸಬೇಕಿತ್ತು ಅಲ್ವಾ? ಗುರುತಿನ ಚೀಟಿಯಲ್ಲಿ ಹೆಸರು ಸರಿಯಾಗಿಯೇ ಇದೆ. ಅದನ್ನು ಆಮೇಲೆ ನಾವೇ ಓಡಾಡಿ ತಿದ್ದಿಸಿದ್ದೆವು. 2002ರ ಪಟ್ಟಿಯನ್ನು ಯಾರು ತಿದ್ದಬೇಕು?

ಕೆಲವು ದಿನಗಳಲ್ಲಿ ನೋಟೀಸು ಬಂತು. ವಿವರ ಹೊಂದುತ್ತಿಲ್ಲ, ವಿಚಾರಣೆಗೆ ಹಾಜರಾಗಿ ಅಂತ. ಅದೂ ಮಲಯಾಳದಲ್ಲಿ.

ಆ ಕಚೇರಿಯ ಹೆಸರು ಇಲ್ಲಿ ಹೇಳುವುದಿಲ್ಲ. ಅಲ್ಲಿ ಕೂತವರನ್ನು ಶಿಕ್ಷಿಸಿ ಅಂತ ನಾನು ಕೇಳುತ್ತಿಲ್ಲ. ಆದರೆ ಆ ದಿನ ಏನಾಯಿತು ಅಂತ ನೀವು ಪೂರ್ತಿ ಕೇಳಬೇಕು. ಬೆಳಿಗ್ಗೆ ಎಂಟಕ್ಕೆ ಆಟೋ ಮಾಡಿಕೊಂಡು ಹೊರಟೆವು. ಹೆದ್ದಾರಿ ಆರು ಪಥ ಆದ ಮೇಲೆ ಎದುರು ಕಾಣುವ ಜಾಗಕ್ಕೆ ಹೋಗಲಿಕ್ಕೂ ಸುತ್ತು ಹಾಕಬೇಕು. ಕಚೇರಿ ಮೇಲಿನ ಮಹಡಿಯಲ್ಲಿ. ಇಪ್ಪತ್ತೆರಡು ಮೆಟ್ಟಿಲು. ಉಮ್ಮನ ಮಂಡಿ ಮಡಚುವುದಿಲ್ಲ. ಒಂದು ಕಡೆ ನಾನು, ಇನ್ನೊಂದು ಕಡೆ ಆಟೋದ ಹುಡುಗ ಹಿಡಿದುಕೊಂಡು ಹತ್ತಿಸಿದೆವು. ಮಧ್ಯದಲ್ಲಿ ಎರಡು ಸಲ ಮೆಟ್ಟಿಲ ಮೇಲೇ ಕೂರಿಸಿದೆ.

ಮೇಲೆ ಬೆಂಚಿನಲ್ಲಿ ಕೂತರು. ಹನ್ನೊಂದಾಯಿತು, ಹನ್ನೆರಡಾಯಿತು. ಅವರಿಗೆ ಕುಡಿಯಲು ನೀರು ತರೋಣ ಅಂತ ನಾನು ಕೆಳಗೆ ಹೋದೆ. ಅಷ್ಟರಲ್ಲಿ ಹೆಸರು ಕರೆದಿದ್ದಾರೆ. ಕರೆದವರ ಕೈಯಲ್ಲಿದ್ದ ಹಾಳೆಯಲ್ಲಿ ಆ ಹಳೆಯ ಹೆಸರೇ ಇತ್ತು. ಉಮ್ಮರ್, ಉಮ್ಮರ್ ಅಂತ ಮೂರು ಸಲ ಕರೆದರಂತೆ. ಉಮ್ಮ ಏಳಲಿಲ್ಲ. ಯಾಕೆ ಏಳಬೇಕು? ಯಾರೋ ಗಂಡಸನ್ನು ಕರೆಯುತ್ತಿದ್ದಾರೆ ಅಂತ ಅವರೂ ಎಲ್ಲರ ಹಾಗೆ ಬಾಗಿಲ ಕಡೆ ನೋಡಿದ್ದಾರೆ. ನಾನು ನೀರು ಹಿಡಿದು ಬರುವಾಗ ಗೈರುಹಾಜರಿ ಅಂತ ಬರೆದಾಗಿತ್ತು. ಕೂಗಿದವರ ಮೇಜಿನಿಂದ ಅವರು ಕೂತಿದ್ದ ಬೆಂಚಿಗೆ ನಾಲ್ಕು ಹೆಜ್ಜೆ ದೂರ ಇರಲಿಲ್ಲ.

ಇವರೇ ಅವರು, ಇಲ್ಲೇ ಕೂತಿದ್ದಾರೆ ಅಂತ ಹೇಳಿದೆ. ಕರೆದಾಗ ಬರಬೇಕಿತ್ತು, ಇನ್ನೊಂದು ದಿನ ಕೊಡುತ್ತೇವೆ ಅಂದರು. ಆ ಇಪ್ಪತ್ತೆರಡು ಮೆಟ್ಟಿಲು ಮತ್ತೆ ಇಳಿಸಿದೆ. ಹತ್ತು ದಿನ ಬಿಟ್ಟು ಮತ್ತೆ ಹತ್ತಿಸಿದೆ. ಆಟೋಗೆ ಎರಡು ದಿನವೂ ನಾನೂರೈವತ್ತು ರೂಪಾಯಿ. ದುಡ್ಡಿನ ಮಾತು ಬಿಡಿ. ಕೆಳಗೆ ಬಂದ ಮೇಲೆ ಉಮ್ಮ ಕೇಳಿದ ಪ್ರಶ್ನೆ ಈಗಲೂ ನನ್ನ ಕಿವಿಯಲ್ಲಿದೆ. "ನಾನು ಸತ್ತಿದ್ದೇನೆ ಅಂತ ಬರೆದಿದ್ದಾರಾ ಮೋನೆ?"

ನಾನು ಕಾದಂಬರಿ ಬರೆಯುವವನು. ಒಂದು ಪಾತ್ರಕ್ಕೆ ಹೆಸರು ಸಿಗುವವರೆಗೆ ನನಗೆ ಒಂದು ಸಾಲೂ ಬರೆಯಲು ಆಗುವುದಿಲ್ಲ. ಹೆಸರಿನಲ್ಲಿ ಊರು ಇರುತ್ತದೆ, ಮನೆ ಇರುತ್ತದೆ, ಜಾತಿ, ಮಜಹಬ್, ಅಜ್ಜಿಯ ಆಸೆ ಎಲ್ಲಾ ಇರುತ್ತದೆ. ಅದನ್ನು ಕೈ ಬಂದ ಹಾಗೆ ಬರೆಯುವವರ ಮೇಲೆ ನನಗೆ ಬರುವ ಸಿಟ್ಟು ದೊಡ್ಡದು. ಅದನ್ನು ಮುಚ್ಚಿಡುವುದಿಲ್ಲ.

ಉಮ್ಮನ ಮತದ ಕತೆಯನ್ನೂ ಹೇಳಬೇಕು. 1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಮಂಜೇಶ್ವರದಲ್ಲಿ ಮತದಾನವೇ ಆಗಲಿಲ್ಲ. ಉಮೇಶ ರಾಯರು ಅವಿರೋಧವಾಗಿ ಗೆದ್ದರು. ಹೇಗೂ ಆಗ ಉಮ್ಮನಿಗೆ ಮತ ಹಾಕಲು ಬೇಕಾಗಿದ್ದ 21 ವರ್ಷ ತುಂಬಿರಲಿಲ್ಲ. ಅವರ ಮೊದಲ ಮತ 1960ರಲ್ಲಿ, ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದ ಚುನಾವಣೆಯಲ್ಲಿ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅನ್ನುವ ಕೂಗು ಆಗ ಜೋರಾಗಿತ್ತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಲಿ ಅಂತ ಮಹಾಜನ ಆಯೋಗ 1967ರಲ್ಲಿ ಹೇಳಿತು. ಆಗಲಿಲ್ಲ. ಆ ಜಗಳವನ್ನು ನಾನು ಇಲ್ಲಿ ತೆಗೆಯುವುದಿಲ್ಲ. ಉಮ್ಮ ಯಾರಿಗೆ ಮತ ಹಾಕಿದರು ಅಂತ ಬಾಪನಿಗೂ ಹೇಳಿದವರಲ್ಲ. ಅಂದಿನಿಂದ ಒಂದೇ ಒಂದು ಚುನಾವಣೆ ತಪ್ಪಿಸಲಿಲ್ಲ. ಪಟ್ಟಿಯಲ್ಲಿ ಗಂಡಸಾಗಿದ್ದಾಗಲೂ ತಪ್ಪಿಸಲಿಲ್ಲ. ಬೂತಿನಲ್ಲಿ ಕೂತ ಎಲ್ಲಾ ಪಕ್ಷದ ಏಜೆಂಟರಿಗೂ ಅವರ ಗುರುತಿತ್ತು, ಅದಕ್ಕೇ ನಡೆಯಿತು.

2024ರ ಲೋಕಸಭಾ ಚುನಾವಣೆಯಲ್ಲಿ 85 ದಾಟಿದವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ಇತ್ತು. ಸಿಬ್ಬಂದಿ ಪೆಟ್ಟಿಗೆ ಹಿಡಿದು ನಮ್ಮ ಜಗಲಿಗೆ ಬಂದರು. ಉಮ್ಮ ಒಳ್ಳೆಯ ಸೀರೆ ಉಟ್ಟು ಕಾದಿದ್ದರು. ಅದು ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ. ಮತ ತೆಗೆದುಕೊಳ್ಳಲು ಜಗಲಿಗೆ ಬರುವವರು, ಅದೇ ಮುದುಕಿಯ ಹೆಸರು ಕೇಳಲು ಯಾಕೆ ಬರಬಾರದು?

ಪಟ್ಟಿ ಶುದ್ಧ ಆಗಬೇಕು. ಇದನ್ನು ಮಂಜೇಶ್ವರದವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. 2016ರಲ್ಲಿ ಇಲ್ಲಿ ಗೆಲುವಿನ ಅಂತರ 89 ಮತ. ಸತ್ತವರ ಹೆಸರಿನಲ್ಲಿ, ಊರಲ್ಲೇ ಇಲ್ಲದವರ ಹೆಸರಿನಲ್ಲಿ ಮತ ಬಿದ್ದಿದೆ ಅಂತ ಸೋತವರು ಹೈಕೋರ್ಟಿಗೆ ಹೋದರು. ಸತ್ತಿದ್ದಾರೆ ಅಂತ ಹೇಳಲಾದವರಲ್ಲೇ ಬದುಕಿದ್ದವರು ಇದ್ದರು, ಕೋರ್ಟಿನ ಸಮನ್ಸ್ ಅವರ ಕೈಗೇ ಬಂತು. ಗೆದ್ದ ಶಾಸಕರು 2018ರಲ್ಲಿ ತೀರಿಕೊಂಡರು, ಮರುವರ್ಷ ಅರ್ಜಿಯೂ ವಾಪಸಾಯಿತು. 2021ರಲ್ಲಿ ಅಂತರ 745. ಇಂಥ ಕ್ಷೇತ್ರದಲ್ಲಿ ಒಂದು ಬೂತಿಗೆ ಒಂದು ಹೆಸರು ತಪ್ಪಿದರೂ ಫಲಿತಾಂಶವೇ ಅಲುಗಾಡುತ್ತದೆ. ಕೊಲ್ಲಿಯಲ್ಲಿ ದುಡಿಯುವ ನನ್ನ ಇಬ್ಬರು ಅಳಿಯಂದಿರ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕುವುದು ನನಗೂ ಬೇಡ. ತೆಗೆಯಬೇಕಾದ್ದನ್ನು ತೆಗೆಯಿರಿ. ಆದರೆ ಇರುವವರನ್ನು ಕರೆಯುವಾಗ ಅವರ ಹೆಸರಿನಿಂದ ಕರೆಯಿರಿ.

ಚುನಾವಣಾ ಸುಧಾರಣೆ ಅಂದರೆ ದೊಡ್ಡ ದೊಡ್ಡ ಮಾತು ಬರುತ್ತದೆ. 2013ರಲ್ಲಿ ನೋಟಾ ಬಂತು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ರದ್ದು ಮಾಡಿತು. ಎಲ್ಲವೂ ಬೇಕಾದದ್ದೇ. ನಾನೂ ಈ ಬಗ್ಗೆ ಲೇಖನ ಬರೆದಿದ್ದೇನೆ, ಸಭೆಗಳಲ್ಲಿ ಮಾತಾಡಿದ್ದೇನೆ. ಆ ಬೆಂಚಿನ ಹತ್ತಿರ ನಿಂತಾಗ ಅವೆಲ್ಲ ದೂರದ ಮಾತು ಅನಿಸಿತು. ವಿಧಾನಸಭೆಗೆ ನಿಂತ ಒಬ್ಬ ಅಭ್ಯರ್ಥಿ 40 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದು ಅಂತ ನಿಯಮ ಇದೆ. ಅದರಲ್ಲಿ ಸ್ವಲ್ಪ ಸಾಕು, ಇಡೀ ಕ್ಷೇತ್ರದ ನೋಟೀಸುಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು. ಪ್ರಚಾರದ ಜೀಪು ನಮ್ಮ ಓಣಿಗೆ ಬರುವಾಗ ಮೈಕಿನಲ್ಲಿ ಕನ್ನಡ, ತುಳು, ಬ್ಯಾರಿ, ಮಲಯಾಳ ಎಲ್ಲಾ ಕೇಳಿಸುತ್ತದೆ. ಎಲ್ಲಾ ಪಕ್ಷಗಳ ಕರಪತ್ರವೂ ಕನ್ನಡದಲ್ಲಿರುತ್ತದೆ. ಮತಯಂತ್ರದ ಮೇಲೆ ಅಭ್ಯರ್ಥಿಯ ಹೆಸರು ಕನ್ನಡದಲ್ಲೂ ಇರುತ್ತದೆ. ಮತ ಕೇಳುವವನ ಹೆಸರಿಗೆ ಸಿಕ್ಕಿದ ಮರ್ಯಾದೆ ಮತ ಹಾಕುವವಳ ಹೆಸರಿಗೂ ಸಿಗಲಿ.

ಇನ್ನೊಂದು ವಿಷಯ. ಹೇಳಲು ಕಷ್ಟ, ಆದರೂ ಹೇಳುತ್ತೇನೆ. ಪಕ್ಕದ ಮನೆಯ ಶೆಟ್ರಿಗೂ ಇಂಥದ್ದೇ ನೋಟೀಸು ಬಂದಿತ್ತು. ಅವರಿಗೆ ಅದೊಂದು ಕಿರಿಕಿರಿ, ಅಷ್ಟೇ. ನಮ್ಮ ಮನೆಯಲ್ಲಿ ಆ ರಾತ್ರಿ ಉಮ್ಮ ನಿದ್ದೆ ಮಾಡಲಿಲ್ಲ. ತಗಡಿನ ಪೆಟ್ಟಿಗೆ ತೆಗೆದು ಕಾಗದಗಳನ್ನೆಲ್ಲ ಚಾಪೆಯ ಮೇಲೆ ಹರಡಿದರು. ಭೂಸುಧಾರಣೆಯಲ್ಲಿ ಸಿಕ್ಕಿದ ಪಟ್ಟೆ, ಹಳೆಯ ರೇಷನ್ ಕಾರ್ಡು, ಬಾಪ ಹಜ್‌ಗೆ ಹೋದಾಗಿನ ಪಾಸ್‌ಪೋರ್ಟು. ಮುಸ್ಲಿಮರ ಮನೆಗೆ ನೀನು ಯಾರು ಅಂತ ಕೇಳುವ ಕಾಗದ ಬಂದರೆ ಅದು ಬರೀ ಕಾಗುಣಿತದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಈ ಹೆದರಿಕೆ ನಿಮ್ಮ ಕಚೇರಿ ಹುಟ್ಟಿಸಿದ್ದು ಅಂತ ನಾನು ಹೇಳುತ್ತಿಲ್ಲ. ಅದು ದೇಶದಲ್ಲಿ ಹಬ್ಬಿದೆ. ಅದಕ್ಕೇ ನೀವು ಇನ್ನೂ ಜಾಸ್ತಿ ಎಚ್ಚರ ವಹಿಸಬೇಕು. ಅರ್ಥವಾಗುವ ಭಾಷೆಯಲ್ಲಿ ಎರಡು ಸಾಲು ಇದ್ದಿದ್ದರೆ, ಅಕ್ಷರ ತಪ್ಪಾಗಿದೆ, ಸರಿ ಮಾಡಲು ಬನ್ನಿ ಅಂತ ಇದ್ದಿದ್ದರೆ, ಆ ಪೆಟ್ಟಿಗೆ ತೆರೆಯುತ್ತಲೇ ಇರಲಿಲ್ಲ.

ಗಡಿಯವರಿಗೆ ಇಂಥದ್ದು ಹೊಸದಲ್ಲ. 2020ರ ಮಾರ್ಚ್‌ನಲ್ಲಿ, ಕೊರೊನಾ ಸಮಯದಲ್ಲಿ, ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗೆ ಹೊರಟವರು ಗಡಿಯ ತಲಪಾಡಿಯಿಂದ ವಾಪಸ್ ಬಂದರು. ಅವತ್ತು ನಾವು ಅಲ್ಲಿಯವರಿಗೆ ಕೇರಳದವರು. ಇಲ್ಲಿ ಕಚೇರಿಗೆ ಹೋದರೆ ಕನ್ನಡದವರು.

ನಿಯಮ ನಿಮಗೆ ಗೊತ್ತಿದೆ. ಭಾಷಾ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರ್ಕಾರಕ್ಕೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ತಮಿಳು ಮತ್ತು ಕನ್ನಡದ ಹೆಸರು ಹೇಳಿಯೇ ಬರೆದಿದೆ. ಅಹವಾಲನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಸುವ ಯಾವ ಭಾಷೆಯಲ್ಲಾದರೂ ಕೊಡಬಹುದು ಅನ್ನುವ ಸಂವಿಧಾನದ 350ನೇ ವಿಧಿ ಇದೆ. ಮತದಾರರ ಪಟ್ಟಿ ಯಾವ ಭಾಷೆಗಳಲ್ಲಿ ಇರಬೇಕು ಅಂತ ಹೇಳುವ ಅಧಿಕಾರ 1960ರ ಮತದಾರರ ನೋಂದಣಿ ನಿಯಮಗಳಲ್ಲಿ ಚುನಾವಣಾ ಆಯೋಗಕ್ಕೇ ಇದೆ. ಹೊಸ ಕಾನೂನು ಬೇಡ ನಮಗೆ.

ಆದ್ದರಿಂದ ಮತ್ತೆ ಕೇಳುತ್ತೇನೆ. ಫಾರ್ಮು, ನೋಟೀಸು, ಪಟ್ಟಿ ಕನ್ನಡದಲ್ಲೂ ಬರಲಿ. ಬಿಎಲ್‌ಒ ಕೈಗೆ ಮೊದಲ ದಿನವೇ ಕನ್ನಡದ ಫಾರ್ಮ್ ಕೊಡಿ. ವಿಚಾರಣೆಯ ಮೇಜಿನಲ್ಲಿ ಕನ್ನಡ ಓದಲು ಬರುವ ಒಬ್ಬರಾದರೂ ಇರಲಿ. ನಡೆಯಲಾಗದ ಮುದುಕರ ವಿಚಾರಣೆ ಅವರ ಮನೆಯಲ್ಲೇ ಆಗಲಿ. ಅಕ್ಷರದ ತಪ್ಪು ಕಚೇರಿಯದ್ದಾದರೆ ತಿದ್ದುವ ಕೆಲಸವೂ ಕಚೇರಿಯದ್ದೇ ಆಗಲಿ.

ಎರಡನೇ ವಿಚಾರಣೆ ಮುಗಿದಿದೆ. ಕಾಗದ ಕಳಿಸುತ್ತೇವೆ ಅಂದಿದ್ದಾರೆ. ಪೋಸ್ಟ್‌ಮ್ಯಾನಿನ ಸೈಕಲ್ ಬೆಲ್ ಕೇಳಿದರೆ ಉಮ್ಮ ಈಗಲೂ ಬಾಗಿಲಿಗೆ ಬರುತ್ತಾರೆ. ಆ ಕಾಗದವನ್ನು ಕನ್ನಡದಲ್ಲಿ ಕಳಿಸಿ. ಅವರು ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವರು. ಕನ್ನಡಕ ಹಾಕಿಕೊಂಡು ತಾವೇ ಓದಿಕೊಳ್ಳುತ್ತಾರೆ.

ಇಂತಿ,
ಮಂಜೇಶ್ವರದ ಒಬ್ಬ ಕಾದಂಬರಿಕಾರ